ಹಳೆಯ ಫೋರ್ ಸ್ಟ್ರೋಕ್ ಡರ್ಟ್ ಬೈಕ್ ಖರೀದಿ: ಮುಂಗಡ ಕೊಡುವ ಮುನ್ನ ಪರಿಶೀಲಿಸಬೇಕಾದ ಅಂಶಗಳು

(ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳ ಸಾರ್ವಜನಿಕರ ಮಾಹಿತಿಗಾಗಿ)

ತೋಟದ ಕಚ್ಚಾ ರಸ್ತೆಗೆ, ಹೊಲದ ಬಂಡಿ ಜಾಡಿಗೆ ಅಥವಾ ಕೆಮ್ಮಣ್ಣುಗುಂಡಿಯ ಘಟ್ಟದ ದಾರಿಗೆ ಸಾಮಾನ್ಯ ಬೈಕು ಒಗ್ಗುವುದಿಲ್ಲವೆಂಬ ಕಾರಣದಿಂದ ಎತ್ತರದ, ಗುಬ್ಬಿ ಟೈರಿನ ಡರ್ಟ್ ಬೈಕುಗಳನ್ನು ಬಯಸುವವರು ಈ ಭಾಗದಲ್ಲಿ ಇದ್ದಾರೆ. ಹೊಸ ವಾಹನದ ಬೆಲೆ ಕೈಗೆಟುಕದಿದ್ದಾಗ ಹತ್ತು, ಹನ್ನೆರಡು ವರ್ಷ ಓಡಿದ ವಾಹನದತ್ತ ಗಮನ ಹರಿಯುವುದು ಸಹಜ. ಇಂತಹ ವಾಹನವನ್ನು ಕೊಳ್ಳಬಹುದೇ, ಬೇಡವೇ ಎಂಬುದನ್ನು ತೀರ್ಮಾನಿಸಲು ಅನುಕೂಲವಾಗುವಂತೆ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

ಖರೀದಿದಾರರು ಸಾಮಾನ್ಯವಾಗಿ ಎಂಜಿನ್‌ನ ಸದ್ದನ್ನು ಮೊದಲು ಕೇಳಿ, ದಾಖಲೆಯನ್ನು ಕೊನೆಗೆ ನೋಡುತ್ತಾರೆ. ಡರ್ಟ್ ಬೈಕಿನ ವಿಷಯದಲ್ಲಿ ಈ ಕ್ರಮವನ್ನು ತಿರುವುಮುರುವು ಮಾಡಿಕೊಳ್ಳುವುದು ಸೂಕ್ತ. ಸವೆದ ಪಿಸ್ಟನ್ ರಿಂಗನ್ನು ಹಣ ಕೊಟ್ಟು ಬದಲಾಯಿಸಬಹುದು. ಆದರೆ ನೋಂದಣಿ ಪ್ರಮಾಣ ಪತ್ರದಲ್ಲಿನ ವಿವರಕ್ಕೂ ಎದುರಿಗೆ ನಿಂತಿರುವ ವಾಹನಕ್ಕೂ ತಾಳೆಯಾಗದಿದ್ದಲ್ಲಿ ಅದನ್ನು ಯಾವ ಮೆಕ್ಯಾನಿಕ್ಕೂ ಸರಿಪಡಿಸಲಾರ.

ಯಾವ ಬಗೆಯ ವಾಹನ ಎಂಬುದನ್ನು ಮೊದಲು ಗುರುತಿಸಿ

ಡರ್ಟ್ ಬೈಕ್ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಬಗೆಯ ವಾಹನಗಳು ಮಾರಾಟವಾಗುತ್ತವೆ. ಒಂದನೆಯದು, ರಸ್ತೆಯಲ್ಲಿ ಚಲಾಯಿಸಲು ಅನುಮೋದನೆ ಪಡೆದು ನೋಂದಣಿಯಾದದ್ದು. 2011ರಲ್ಲಿ ಮಾರುಕಟ್ಟೆಗೆ ಬಂದ ಹೀರೋ ಇಂಪಲ್ಸ್, 2016ರಲ್ಲಿ ಬಂದ ರಾಯಲ್ ಎನ್‌ಫೀಲ್ಡ್ ಹಿಮಾಲಯನ್, 2019ರಲ್ಲಿ ಬಂದ ಹೀರೋ ಎಕ್ಸ್‌ಪಲ್ಸ್ 200 ಈ ಬಗೆಗೆ ಸೇರಿದವು. ಎರಡನೆಯದು, ಸ್ಪರ್ಧೆಗಾಗಿ ಮಾತ್ರ ತಯಾರಾದದ್ದು. ಕವಾಸಾಕಿ ಕೆಎಲ್‌ಎಕ್ಸ್ 140, ಸುಜುಕಿ ಆರ್‌ಎಂ-ಝಡ್ ಮಾದರಿಗಳು ಭಾರತದಲ್ಲಿ ಈ ರೀತಿ ಮಾರಾಟವಾದವು. ಇವುಗಳಿಗೆ ರಸ್ತೆ ವಾಹನದ ಅನುಮೋದನೆ ಇಲ್ಲದಿರುವುದರಿಂದ ನೋಂದಣಿ ಸಾಧ್ಯವಿಲ್ಲ. ಮೋಟಾರು ವಾಹನ ಕಾಯ್ದೆ 1988ರ ಕಲಂ 39ರಂತೆ ನೋಂದಣಿ ಇಲ್ಲದ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸುವಂತಿಲ್ಲ. ಮನೆಯಿಂದ ತೋಟಕ್ಕೆ ಹೋಗಲು ಊರ ಮುಂದಿನ ರಸ್ತೆಯನ್ನು ಅರ್ಧ ಫರ್ಲಾಂಗು ಬಳಸಿದರೂ ಅದು ಸಾರ್ವಜನಿಕ ಸ್ಥಳವೇ. "ಆಮೇಲೆ ಆರ್‌ಟಿಓದಲ್ಲಿ ನಂಬರ್ ಮಾಡಿಸಿಕೊಳ್ಳಬಹುದು" ಎಂದು ಮಾರಾಟಗಾರರು ಹೇಳಿದಲ್ಲಿ ಅಲ್ಲಿಗೇ ವ್ಯವಹಾರ ನಿಲ್ಲಿಸುವುದು ಲೇಸು.

ಹದಿನೈದು ವರ್ಷದ ಲೆಕ್ಕ

ಖಾಸಗಿ ದ್ವಿಚಕ್ರ ವಾಹನದ ನೋಂದಣಿಯು 15 ವರ್ಷ ಸಿಂಧುವಾಗಿರುತ್ತದೆ. ಅಂದರೆ 2011ರ ಕೊನೆಯಲ್ಲಿ ನೋಂದಣಿಯಾದ ಇಂಪಲ್ಸ್ ವಾಹನದ ಅವಧಿ 2026ರ ಕೊನೆಗೆ, 2012ರದು 2027ರಲ್ಲಿ ಮುಗಿಯುತ್ತದೆ. ಇಂಪಲ್ಸ್ ಮಾದರಿಯು ಬಿಎಸ್-4 ಮಾನದಂಡಕ್ಕೆ ಪರಿವರ್ತನೆಯಾಗದೆ ನಿಂತುಹೋಯಿತು. 2017ರ ಏಪ್ರಿಲ್ 1ರಿಂದ ಬಿಎಸ್-3 ವಾಹನಗಳ ಮಾರಾಟ ಮತ್ತು ಹೊಸ ನೋಂದಣಿಯನ್ನು ಸರ್ವೋಚ್ಚ ನ್ಯಾಯಾಲಯವು ನಿಷೇಧಿಸಿರುವುದರಿಂದ ಈ ಮಾದರಿಯಲ್ಲಿ ಅದಕ್ಕಿಂತ ಹೊಸದು ಎಂಬುದು ಇರುವುದಿಲ್ಲ. ಆದುದರಿಂದ ಈಗ ಮಾರಾಟಕ್ಕಿರುವ ವಾಹನಕ್ಕೆ ಎಷ್ಟು ತಿಂಗಳ ಅವಧಿ ಉಳಿದಿದೆ ಎಂಬುದು ಬೆಲೆಯಷ್ಟೇ ಮುಖ್ಯ.

15 ವರ್ಷ ಮುಗಿದ ಕೂಡಲೇ ವಾಹನವನ್ನು ಗುಜರಿಗೆ ಹಾಕಲೇಬೇಕೆಂಬ ತಪ್ಪು ತಿಳಿವಳಿಕೆ ಹಲವರಲ್ಲಿದೆ. ದೆಹಲಿಯಲ್ಲಿ ಹಳೆಯ ಪೆಟ್ರೋಲ್ ವಾಹನಗಳ ಕುರಿತು ಹೊರಟ ಆದೇಶಗಳು ಕರ್ನಾಟಕಕ್ಕೆ ಅನ್ವಯಿಸುವುದಿಲ್ಲ. ಇಲ್ಲಿ ನಮೂನೆ 25ರಲ್ಲಿ ಅರ್ಜಿ ಸಲ್ಲಿಸಿ, ವಾಹನವನ್ನು ಮೋಟಾರು ವಾಹನ ನಿರೀಕ್ಷಕರ ತಪಾಸಣೆಗೆ ಹಾಜರುಪಡಿಸಿ, 5 ವರ್ಷದ ಅವಧಿಗೆ ನವೀಕರಿಸಿಕೊಳ್ಳಬಹುದು. ಅವಧಿ ಮುಗಿಯುವ 60 ದಿನಗಳ ಒಳಗಿನಿಂದ ಅರ್ಜಿ ಸಲ್ಲಿಸಲು ಅವಕಾಶವಿದೆ. 2022ರ ಏಪ್ರಿಲ್ 1ರಿಂದ ಮೋಟಾರು ಸೈಕಲ್ ನವೀಕರಣದ ಶುಲ್ಕವನ್ನು 1,000 ರೂಪಾಯಿಗಳಿಗೆ ಹೆಚ್ಚಿಸಲಾಯಿತು. ವಿಳಂಬವಾದ ಪ್ರತಿ ತಿಂಗಳಿಗೆ 300 ರೂಪಾಯಿ ಹೆಚ್ಚುವರಿ ಎಂದೂ ನಿಗದಿಯಾಯಿತು. ಇದಲ್ಲದೆ ಹಸಿರು ತೆರಿಗೆಯೂ ಇರುತ್ತದೆ. ಶುಲ್ಕಗಳು ಕಾಲಕಾಲಕ್ಕೆ ಪರಿಷ್ಕರಣೆಯಾಗುವುದರಿಂದ ಅರ್ಜಿಯ ದಿನದ ದರವನ್ನು ಪರಿವಾಹನ್ ಜಾಲತಾಣದಲ್ಲಿ ನೋಡಿಕೊಳ್ಳತಕ್ಕದ್ದು.

ಶುಲ್ಕ ಇಲ್ಲಿ ದೊಡ್ಡ ಹೊರೆಯಲ್ಲ. ತಪಾಸಣೆಯಲ್ಲಿ ತೇರ್ಗಡೆಯಾಗುವುದು ಕಷ್ಟ. ಈ ಬಗೆಯ ವಾಹನಗಳನ್ನು ಹಿಂದಿನ ಮಾಲೀಕರು ಮೂಲಸ್ಥಿತಿಯಲ್ಲಿ ಉಳಿಸಿರುವುದು ಅಪರೂಪ. ಸೈಲೆನ್ಸರ್ ಬದಲಾಗಿರುತ್ತದೆ, ಇಂಡಿಕೇಟರ್ ಮತ್ತು ಕನ್ನಡಿಗಳು ಕಳಚಿರುತ್ತವೆ, ಹಿಂದಿನ ಮಡ್‌ಗಾರ್ಡ್ ಕತ್ತರಿಸಲ್ಪಟ್ಟಿರುತ್ತದೆ. ಕೆಲವು ಇಂಪಲ್ಸ್ ವಾಹನಗಳಲ್ಲಿ ಮೂಲದ 149 ಸಿಸಿ ಎಂಜಿನ್ ತೆಗೆದು ಕರಿಜ್ಮಾ ಬೈಕಿನ 223 ಸಿಸಿ ಎಂಜಿನ್ ಅಳವಡಿಸಿರುವುದೂ ಉಂಟು. ಓಡಿಸಿ ನೋಡಿದವರಿಗೆ ಇದು ಬಹಳ ಹಿಡಿಸುತ್ತದೆ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಕಲಂ 52ರಂತೆ ನೋಂದಣಿ ಪ್ರಮಾಣ ಪತ್ರದಲ್ಲಿನ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದ್ದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಎಂಜಿನ್ ಸಂಖ್ಯೆ ತಾಳೆಯಾಗದ ವಾಹನಕ್ಕೆ ವರ್ಗಾವಣೆಯೂ ಇಲ್ಲ, ನವೀಕರಣವೂ ಇಲ್ಲ. ಕಲಂ 182ಎ ಅಡಿಯಲ್ಲಿ ಇಂತಹ ಮಾರ್ಪಾಡಿಗೆ ಆರು ತಿಂಗಳವರೆಗಿನ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡಕ್ಕೂ ಅವಕಾಶವಿದೆ. ತೆಗೆದಿಟ್ಟ ಮೂಲ ಬಿಡಿಭಾಗಗಳು ಮಾರಾಟಗಾರರ ಅಟ್ಟದಲ್ಲಿ ಇವೆಯೇ ಎಂದು ಕೇಳಿ ನೋಡಿ. ಇದ್ದಲ್ಲಿ ಅವುಗಳನ್ನು ಸೇರಿಸಿಯೇ ಬೆಲೆ ಮಾತನಾಡಿ.

ಉದಾಹರಣೆಗಾಗಿ ಮಾತ್ರ ಒಂದು ಲೆಕ್ಕ. ಒಂದು ವಾಹನದ ಬೆಲೆ 38,000 ರೂಪಾಯಿ, ಉಳಿದ ಅವಧಿ 5 ತಿಂಗಳು, ಸೈಲೆನ್ಸರ್ ಮತ್ತು ದೀಪಗಳು ಮೂಲದ್ದಲ್ಲ. ಮತ್ತೊಂದರ ಬೆಲೆ 46,000, ಮೂಲಸ್ಥಿತಿಯಲ್ಲಿದ್ದು ನವೀಕರಣವಾಗಿದೆ. ಮೊದಲನೆಯದಕ್ಕೆ ಸೈಲೆನ್ಸರ್, ದೀಪಗಳಿಗೆ 6,000, ತಪಾಸಣೆಗೆ ಒಪ್ಪುವ ಟೈರುಗಳಿಗೆ 4,500, ನವೀಕರಣಕ್ಕೆ 1,000 ಎಂದಿಟ್ಟುಕೊಂಡರೆ ಒಟ್ಟು 49,500 ಆಗುತ್ತದೆ. ಅಗ್ಗವೆಂದು ಕಂಡದ್ದು 3,500 ರೂಪಾಯಿ ದುಬಾರಿ, ಓಡಾಟದ ದಿನಗಳು ಬೇರೆ.

ವಾಹನ ಯಾರ ಹೆಸರಿನಲ್ಲಿದೆ

ಹಳೆಯ ಬೈಕುಗಳು ಎರಡು ಮೂರು ಕೈ ಬದಲಾದರೂ ದಾಖಲೆಯಲ್ಲಿ ಮೊದಲ ಮಾಲೀಕರ ಹೆಸರೇ ಉಳಿದಿರುತ್ತದೆ. ಸಹಿ ಮಾಡಿದ ಖಾಲಿ ನಮೂನೆ 29 ಮತ್ತು 30ನ್ನು ವಾಹನದ ಜೊತೆಗೆ ಹಸ್ತಾಂತರಿಸುವ ರೂಢಿಯೇ ಇದಕ್ಕೆ ಕಾರಣ. ಆನ್‌ಲೈನ್ ಅರ್ಜಿಯಲ್ಲಿ ದಾಖಲೆಯಲ್ಲಿರುವ ಮೊಬೈಲ್ ಸಂಖ್ಯೆಗೆ ಓಟಿಪಿ ಬರುತ್ತದೆ. ಮೊದಲ ಮಾಲೀಕರು ಊರು ಬಿಟ್ಟಿದ್ದರೆ ಅಥವಾ ಸಂಖ್ಯೆ ಬದಲಾಗಿದ್ದರೆ ಹಳೆಯ ಸಹಿಯ ಕಾಗದದಿಂದ ಹೆಚ್ಚಿನ ಪ್ರಯೋಜನವಿಲ್ಲ. ಮಾಲೀಕರು ಮೃತಪಟ್ಟಿದ್ದಲ್ಲಿ ಮೊದಲು ವಾರಸುದಾರರು ನಮೂನೆ 31ರಲ್ಲಿ ತಮ್ಮ ಹೆಸರಿಗೆ ವರ್ಗಾಯಿಸಿಕೊಳ್ಳತಕ್ಕದ್ದು, ಅನಂತರವೇ ಮಾರಾಟ.

ಕಲಂ 50ರಂತೆ ರಾಜ್ಯದೊಳಗಿನ ಮಾರಾಟವನ್ನು ಮಾರಾಟಗಾರರು 14 ದಿನಗಳೊಳಗೆ, ಖರೀದಿದಾರರು 30 ದಿನಗಳೊಳಗೆ ವರದಿ ಮಾಡತಕ್ಕದ್ದು. ಮಾರಾಟಗಾರರು ಇದನ್ನು ಕೇವಲ ಖರೀದಿದಾರರ ಕೆಲಸವೆಂದು ಭಾವಿಸಬಾರದು. ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2018ರ ಫೆಬ್ರವರಿಯಲ್ಲಿ ನೀಡಿದ ತೀರ್ಪಿನಂತೆ, ವಾಹನವು ಎಷ್ಟೇ ಕೈ ಬದಲಾಗಿದ್ದರೂ ಅಪಘಾತದ ದಿನ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಪರಿಹಾರಕ್ಕೆ ಹೊಣೆಗಾರರು. ಆ ಪ್ರಕರಣದಲ್ಲಿ ವಾಹನವು ಮೊದಲ ಮಾಲೀಕರಿಂದ ಒಬ್ಬರಿಗೆ, ಅವರಿಂದ ಮತ್ತೊಬ್ಬರಿಗೆ ಹೀಗೆ ಹಲವರಿಗೆ ಹೋಗಿತ್ತು. ಹೊಣೆ ಮಾತ್ರ ಮೊದಲನೆಯವರಲ್ಲೇ ಉಳಿಯಿತು.

ಖರೀದಿದಾರರ ಕಡೆಯ ಅಪಾಯ ವಿಮೆಯಲ್ಲಿದೆ. ಮೂರನೇ ವ್ಯಕ್ತಿಗೆ ಸಂಬಂಧಿಸಿದ ವಿಮೆಯು ಕಲಂ 157ರಂತೆ ವಾಹನದೊಂದಿಗೆ ವರ್ಗಾವಣೆಯಾಯಿತೆಂದು ಪರಿಗಣಿಸಲ್ಪಟ್ಟರೂ, 14 ದಿನಗಳೊಳಗೆ ವಿಮಾ ಕಂಪನಿಗೆ ತಿಳಿಸಿ ಹೆಸರು ಬದಲಾಯಿಸಿಕೊಳ್ಳತಕ್ಕದ್ದು. ತಮ್ಮ ಸ್ವಂತ ವಾಹನಕ್ಕಾದ ಹಾನಿ ಅಥವಾ ಕಳವಿಗೆ ಹಳೆಯ ಮಾಲೀಕರ ಹೆಸರಿನ ಪಾಲಿಸಿಯಿಂದ ಪರಿಹಾರ ದೊರೆಯುವುದಿಲ್ಲ. 2022ರ ಜೂನ್ 1ರಿಂದ ಜಾರಿಗೆ ಬಂದ ದರದಂತೆ ಮೂರನೇ ವ್ಯಕ್ತಿ ವಿಮೆಯ ವಾರ್ಷಿಕ ಕಂತು 75ರಿಂದ 150 ಸಿಸಿವರೆಗೆ 714 ರೂಪಾಯಿ, 150ರಿಂದ 350 ಸಿಸಿವರೆಗೆ 1,366 ರೂಪಾಯಿ (ತೆರಿಗೆ ಪ್ರತ್ಯೇಕ). ಇಂಪಲ್ಸ್ ಮೊದಲ ವರ್ಗಕ್ಕೂ ಎಕ್ಸ್‌ಪಲ್ಸ್ ಎರಡನೆಯದಕ್ಕೂ ಸೇರುತ್ತವೆ.

ವಾಹನದ ಸಂಖ್ಯೆಯನ್ನು ಪಡೆದು ಎಂ-ಪರಿವಾಹನ್ ಆ್ಯಪ್‌ನಲ್ಲಿ ನೋಂದಣಿಯ ಅವಧಿ, ವಿಮೆ, ಸಾಲದ ನಮೂದು ಹಾಗೂ ಬಾಕಿ ಇ-ಚಲನ್‌ಗಳನ್ನು ಮನೆಯಲ್ಲೇ ಕುಳಿತು ನೋಡಬಹುದು. ಸಾಲ ತೀರಿದ್ದರೂ ನಮೂದು ಉಳಿದಿದ್ದಲ್ಲಿ ಬ್ಯಾಂಕಿನ ಪತ್ರದೊಂದಿಗೆ ನಮೂನೆ 35 ಅಗತ್ಯ. ಈ ಭಾಗದಲ್ಲಿ ಚಿಕ್ಕಮಗಳೂರಿನ ಕೆಎ-18 ಮತ್ತು ತರೀಕೆರೆಯ ಕೆಎ-66 ಎರಡೂ ಸಂಕೇತದ ವಾಹನಗಳಿವೆ. ರಾಜ್ಯದೊಳಗಿನ ವರ್ಗಾವಣೆಯಲ್ಲಿ ಸಂಖ್ಯೆ ಬದಲಾಗುವುದಿಲ್ಲ. ಕೇರಳ, ಗೋವಾ ಮುಂತಾದ ರಾಜ್ಯಗಳ ವಾಹನವಾದಲ್ಲಿ ಅಲ್ಲಿಯ ಕಚೇರಿಯಿಂದ ನಮೂನೆ 28ರ ನಿರಾಕ್ಷೇಪಣಾ ಪತ್ರ ಹಾಗೂ ಇಲ್ಲಿ ಆಜೀವ ತೆರಿಗೆ ಬೇಕಾಗುತ್ತದೆ. ಇಷ್ಟು ಹಳೆಯ ವಾಹನಕ್ಕಾಗಿ ಅಷ್ಟು ಅಲೆದಾಟ ತಕ್ಕುದೇ ಎಂದು ಯೋಚಿಸುವುದು ಒಳಿತು.

ಎಂಜಿನ್ ಹಾಗೂ ಚಾಸಿಯ ಪರಿಶೀಲನೆ

ದಾಖಲೆ ಸರಿಯಿದೆಯೆಂದು ಖಚಿತವಾದ ಮೇಲೆ ನುರಿತ ಮೆಕ್ಯಾನಿಕ್ ಒಬ್ಬರನ್ನು ಕರೆದೊಯ್ಯಿರಿ. ಬೆಳಿಗ್ಗೆ ಹೋಗುವುದು ಉತ್ತಮ. ಮೊದಲು ಎಂಜಿನ್ ಮುಟ್ಟಿ ನೋಡಿ. ಬಿಸಿಯಿದ್ದಲ್ಲಿ ತಮಗಾಗಿ ಮುಂಚಿತವಾಗಿ ಚಾಲೂ ಮಾಡಿ ಇಡಲಾಗಿದೆ ಎಂದರ್ಥ. ಆರಿದ ಎಂಜಿನ್ ಹೇಗೆ ಚಾಲೂ ಆಗುತ್ತದೆ ಎಂಬುದೇ ಅದರ ಆರೋಗ್ಯವನ್ನು ತಿಳಿಸುತ್ತದೆ.

ಟೂ ಸ್ಟ್ರೋಕ್ ಬೈಕಿನಲ್ಲಿ ಆಯಿಲು ಪೆಟ್ರೋಲಿನೊಂದಿಗೆ ಬೆರೆತು ಉರಿಯುವುದರಿಂದ ಹೊಗೆ ಸಾಮಾನ್ಯ. ಆರ್‌ಎಕ್ಸ್ 100 ಓಡಿಸಿ ಬಂದವರು ಅದೇ ಅಭ್ಯಾಸದಿಂದ ಫೋರ್ ಸ್ಟ್ರೋಕ್ ಬೈಕಿನ ಹೊಗೆಯನ್ನೂ ಕಡೆಗಣಿಸುತ್ತಾರೆ. ಫೋರ್ ಸ್ಟ್ರೋಕ್‌ನಲ್ಲಿ ಆಯಿಲು ಪ್ರತ್ಯೇಕವಾಗಿ ಎಂಜಿನ್ನಿನ ಕೆಳಭಾಗದಲ್ಲಿರುತ್ತದೆ, ಉರಿಯಬಾರದು. ನೀಲಿ ಹೊಗೆ ಬಂದರೆ ರಿಂಗು, ಸಿಲಿಂಡರ್ ಅಥವಾ ವಾಲ್ವಿನ ಸೀಲು ಸವೆದಿದೆ. ಈ ಸವೆತಕ್ಕೆ ನಮ್ಮ ಭಾಗದ ಧೂಳು ಮುಖ್ಯ ಕಾರಣ. ಬೇಸಿಗೆಯಲ್ಲಿ ಕಡೂರಿನ ಬಯಲಿನ ಮಣ್ಣಿನ ರಸ್ತೆಯಲ್ಲಿ ಓಡಿದ ಬೈಕಿನ ಏರ್ ಫಿಲ್ಟರನ್ನು ಮೇಲಿಂದ ಮೇಲೆ ಶುಚಿಗೊಳಿಸದಿದ್ದಲ್ಲಿ ನುಣುಪು ಧೂಳು ಸಿಲಿಂಡರ್ ಒಳಗೆ ಹೋಗಿ ಉಪ್ಪುಕಾಗದದಂತೆ ಉಜ್ಜುತ್ತದೆ. ಆದುದರಿಂದ ಏರ್ ಫಿಲ್ಟರ್ ಮುಚ್ಚಳ ತೆಗೆಸಿ ನೋಡಿ. ಫಿಲ್ಟರಿನ ಆಚೆಯ, ಎಂಜಿನ್ ಕಡೆಯ ಕೊಳವೆಯಲ್ಲಿ ಬೆರಳಾಡಿಸಿದಾಗ ಧೂಳು ಅಂಟಿದರೆ ಆ ವಾಹನವನ್ನು ಬಿಡುವುದೇ ಕ್ಷೇಮ. ಆಯಿಲು ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿದ್ದಲ್ಲಿ ಹಳ್ಳ ದಾಟುವಾಗ ನೀರು ಒಳಸೇರಿದೆ ಎಂದು ತಿಳಿಯಬಹುದು. ಟ್ಯಾಪೆಟ್ ಸದ್ದು ಹೊಂದಿಸಿದರೆ ಹೋಗುತ್ತದೆ. ಟೈಮಿಂಗ್ ಚೈನಿನ ಗರಗರ ಸದ್ದಿಗೆ ಖರ್ಚು ಹೆಚ್ಚು.

ಚಾಸಿಯಲ್ಲಿ ಹ್ಯಾಂಡಲ್ ಕೂರುವ ಕೊಳವೆಯ ಸುತ್ತ ವೆಲ್ಡಿಂಗ್ ಗುರುತು ಅಥವಾ ಹೊಸ ಬಣ್ಣವಿದ್ದರೆ ಎತ್ತರದಿಂದ ಹಾರಿಸಿ ಬಿರುಕು ಬಿಟ್ಟಿರುವ ಸಾಧ್ಯತೆಯಿದೆ. ಅಂತಹ ವಾಹನವನ್ನು ಯಾವ ಬೆಲೆಗೂ ಕೊಳ್ಳಬೇಡಿ. ಮುಂದಿನ ಫೋರ್ಕಿನಿಂದ ಆಯಿಲು ಸೋರಿಕೆ, ಸಡಿಲ ಕಡ್ಡಿಗಳು, ಹಲ್ಲು ಸವೆದ ಸ್ಪ್ರಾಕೆಟ್ ಇವು ಬೆಲೆ ಇಳಿಸಲು ಕಾರಣಗಳೇ ಹೊರತು ಬಿಟ್ಟುಬರಲು ಅಲ್ಲ. ಕಿಲೋಮೀಟರ್ ಅಂಕಿಯನ್ನು ನಂಬಬೇಡಿ. ಹಳೆಯ ವಾಹನದಲ್ಲಿ ಕೇಬಲ್ ಕಳಚಿಟ್ಟು ಓಡಿಸುವುದು ಸುಲಭ. ಇಂಪಲ್ಸ್ ಎಂಜಿನ್ನು ಹಂಕ್ ಬೈಕಿನ ಎಂಜಿನ್ನಿನ ವರ್ಗದ್ದೇ ಆದುದರಿಂದ ಒಳಗಿನ ಬಿಡಿಭಾಗಗಳಿಗೆ ಅಷ್ಟು ತೊಂದರೆಯಿಲ್ಲ. ಆ ಮಾದರಿಗೇ ಸೀಮಿತವಾದ ಟ್ಯಾಂಕಿನ ಮುಚ್ಚಿಗೆ, ಸಸ್ಪೆನ್ಷನ್ ಮುಂತಾದವುಗಳಿಗೆ ಹುಡುಕಬೇಕಾಗುತ್ತದೆ.

ಎಲ್ಲಿ ಓಡಿಸಬಹುದು

ಲಕ್ಕವಳ್ಳಿ ಕಡೆಯ ಭದ್ರಾ ಹುಲಿ ಸಂರಕ್ಷಿತ ಪ್ರದೇಶ ಹಾಗೂ ಇತರೆ ಮೀಸಲು ಅರಣ್ಯಗಳೊಳಗೆ ಅನುಮತಿಯಿಲ್ಲದೆ ವಾಹನ ನುಗ್ಗಿಸುವುದು ಅಪರಾಧ. ಅಜ್ಜಂಪುರ ಭಾಗದ ಅಮೃತ್ ಮಹಲ್ ಕಾವಲುಗಳು ಬಯಲಿನಂತೆ ಕಂಡರೂ ಜಾನುವಾರುಗಳ ಮೇವಿಗಾಗಿ ಕಾಯ್ದಿಟ್ಟ ನೆಲ; ಬೈಕು ಹಾರಿಸುವ ಮೈದಾನವಲ್ಲ. 18 ವರ್ಷ ತುಂಬದ ಮಗನಿಗಾಗಿ ವಾಹನ ಕೊಳ್ಳುತ್ತಿರುವ ಪೋಷಕರು ಕಲಂ 199ಎ ಅನ್ನು ಗಮನಿಸತಕ್ಕದ್ದು. ಅಪ್ರಾಪ್ತ ವಯಸ್ಕರು ವಾಹನ ಓಡಿಸಿ ಅಪರಾಧವೆಸಗಿದಲ್ಲಿ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ ಮೂರು ವರ್ಷದವರೆಗಿನ ಸೆರೆವಾಸ ಮತ್ತು 25,000 ರೂಪಾಯಿ ದಂಡ, ವಾಹನಕ್ಕೆ 12 ತಿಂಗಳ ನೋಂದಣಿ ರದ್ದತಿ ಇರುತ್ತದೆ.

ವರ್ಗಾವಣೆಗೆ ಸಲ್ಲಿಸಬೇಕಾದ ದಾಖಲೆಗಳು: ಉಭಯತ್ರರ ಸಹಿಯುಳ್ಳ ನಮೂನೆ 29 ಮತ್ತು 30, ಮೂಲ ನೋಂದಣಿ ಪ್ರಮಾಣ ಪತ್ರ, ಚಾಲ್ತಿಯಲ್ಲಿರುವ ವಿಮೆ, ಹೊಗೆ ತಪಾಸಣಾ ಪತ್ರ (ಬಿಎಸ್-3 ವಾಹನಕ್ಕೆ ಇದರ ಅವಧಿ 6 ತಿಂಗಳು ಮಾತ್ರ) ಹಾಗೂ ಖರೀದಿದಾರರ ವಿಳಾಸ ದಾಖಲೆ. 2019ರ ಏಪ್ರಿಲ್‌ಗಿಂತ ಹಿಂದಿನ ವಾಹನಕ್ಕೆ ಅತಿ ಸುರಕ್ಷಿತ ನೋಂದಣಿ ಫಲಕ ಅಳವಡಿಸಿರುವುದನ್ನು ಮುಂಚಿತವಾಗಿ ನೋಡಿಕೊಳ್ಳಿ. ಪೂರ್ಣ ಹಣವನ್ನು ವರ್ಗಾವಣೆಯ ಅರ್ಜಿ ಸಲ್ಲಿಕೆಯಾಗಿ ಸ್ವೀಕೃತಿ ಸಂಖ್ಯೆ ಬಂದ ನಂತರ ಪಾವತಿಸುವುದು, ಅಲ್ಲಿಯವರೆಗೆ ಮುಂಗಡಕ್ಕೆ ರಸೀದಿ ಪಡೆಯುವುದು ಸೂಕ್ತ.