ಬೈಪಾಸಿನ ಅನಂತರದ ದಿನಗಳು

ಬೈಪಾಸ್ ಶಸ್ತ್ರಚಿಕಿತ್ಸೆಗಾಗಿ ಸೀಳಲ್ಪಟ್ಟು, ಉಕ್ಕಿನ ತಂತಿಗಳಿಂದ ಮರಳಿ ಬಿಗಿಯಲ್ಪಟ್ಟ ಎದೆಮೂಳೆ ಕೂಡಿಕೊಳ್ಳುವುದಕ್ಕೆ ಸುಮಾರು 8ರಿಂದ 12 ವಾರಗಳು ಬೇಕಾಗುವುದರಿಂದ, ನೀರು ತುಂಬಿದ ಕೊಡವನ್ನಾಗಲಿ, ಎತ್ತಿಕೋ ಎಂದು ಕೈಚಾಚುವ ಮೊಮ್ಮಗುವನ್ನಾಗಲಿ ಆ ಅವಧಿಯಲ್ಲಿ ಎತ್ತಲಾಗದು. ಈ ಎರಡನೆಯ ನಿಷೇಧವೇ ಹಿರಿಯರಿಗೆ ಅತ್ಯಂತ ದುಸ್ಸಹವಾದುದೆಂದು ಬಲ್ಲೆ. ಕೆಮ್ಮು ಬಂದಾಗ ದಿಂಬೊಂದನ್ನು ಎದೆಗೆ ಅವುಚಿಕೊಳ್ಳಿರಿ. ಹಾಸಿಗೆಯಿಂದೇಳುವಾಗ ಪಕ್ಕಕ್ಕೆ ಹೊರಳಿ, ಕಾಲುಗಳನ್ನು ಇಳಿಬಿಟ್ಟು, ಕೈಗಳ ಮೇಲೆ ಭಾರ ಹಾಕದೆ ಏಳಿರಿ. ನೋವು ಶಮನವಾಯಿತೆಂದು ಆಸ್ಪಿರಿನ್ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವವರಿದ್ದಾರೆ. ಕಾಲಿನಿಂದಲೋ ಎದೆಯಿಂದಲೋ ತೆಗೆದು ಜೋಡಿಸಿದ ರಕ್ತನಾಳವು ಹೆಪ್ಪುಗಟ್ಟಿ ಮುಚ್ಚಿಹೋಗದಂತೆ ಕಾಯುವ ಆ ಮಾತ್ರೆಯನ್ನು ವೈದ್ಯರ ಅನುಮತಿಯಿಲ್ಲದೆ ಒಂದು ದಿನವೂ ಬಿಡಬಾರದು. ಜ್ವರ, ಗಾಯದಲ್ಲಿ ಕೀವು, ಎದೆಮೂಳೆಯಲ್ಲಿ ಕಟಕಟ ಶಬ್ದ, ಕೆಲವೇ ದಿನಗಳಲ್ಲಿ 2 ಕಿಲೋ ತೂಕದ ಏರಿಕೆ, ಇವುಗಳಲ್ಲಿ ಯಾವೊಂದು ಕಂಡರೂ ಮುಂದಿನ ತಪಾಸಣೆಗೆ ಕಾಯದೆ ಅಂದೇ ಆಸ್ಪತ್ರೆಗೆ ತಿಳಿಸಿರಿ.