ಜಾಝ್‌ನಲ್ಲಿ ಸಂತ ಮಾರ್ಟಿನರ ಸ್ತುತಿ

ಧ್ವನಿಮುದ್ರಿಕೆಗಳನ್ನು ಸಂಗ್ರಹಿಸುವ ಮಿತ್ರರು ಕಲೆತಾಗಲೆಲ್ಲ ಮೆಚ್ಚಿನ ಜಾಝ್ ಆಲ್ಬಂ ಯಾವುದೆಂಬ ಚರ್ಚೆ ಏಳುತ್ತದೆ. ಅನೇಕರು ಜಾನ್ ಕೋಲ್ಟ್ರೇನರ ‘ಎ ಲವ್ ಸುಪ್ರೀಂ’ ಎನ್ನುತ್ತಾರೆ, ತಕರಾರಿಲ್ಲ. ನಾವು ಮುಂದಿಡುವುದು ಮೇರಿ ಲೂ ವಿಲಿಯಮ್ಸ್ ಅವರ ‘ಬ್ಲ್ಯಾಕ್ ಕ್ರೈಸ್ಟ್ ಆಫ್ ದಿ ಆಂಡೀಸ್’ (1964).

ಅಮೆರಿಕದ ಈ ಪಿಯಾನೋ ವಾದಕಿ 1954ರಲ್ಲಿ, ಕೀರ್ತಿಯ ನಡುವೆಯೇ, ವಾದನವನ್ನು ತೊರೆದು ಪ್ರಾರ್ಥನೆಗೂ ದಿಕ್ಕೆಟ್ಟ ಸಂಗೀತಗಾರರ ಆರೈಕೆಗೂ ತಮ್ಮನ್ನು ಒಪ್ಪಿಸಿಕೊಂಡರು. 1957ರಲ್ಲಿ ಕಥೋಲಿಕ ಧರ್ಮಸಭೆಯನ್ನು ಸೇರಿದರು. ವಾದನಕ್ಕೆ ಮರಳಿರೆಂದು ಅವರನ್ನು ಒತ್ತಾಯಿಸಿದವರು ಗುರುಗಳೇ! ಜಾಝ್ ಎಂದರೆ ಮದ್ಯದಂಗಡಿಯ ಸಂಗೀತವೆಂದು ಗುರುಮಠದ ದಿನಗಳಲ್ಲಿ ನಾವು ಮೂಗು ಮುರಿದಿದ್ದೆವು.

ಪೆರುವಿನ ಕಪ್ಪುವರ್ಣದ ಮಾರ್ಟಿನ್ ದೆ ಪೊರೆಸರಿಗೆ 1962ರಲ್ಲಿ ಸಂತಪದವಿ ದೊರೆಯಿತು. ಆಲ್ಬಂ ತೊಡಗುವುದು ಅವರ ಸ್ತುತಿಯಿಂದ. ಗಾಯಕವೃಂದ ಬಹುಮಟ್ಟಿಗೆ ವಾದ್ಯದ ನೆರವಿಲ್ಲದೆ ಹಾಡುತ್ತದೆ. ನಡುವೆ ಪಿಯಾನೋ ತುಸುಹೊತ್ತು ಮಾತನಾಡಿ ಮತ್ತೆ ಕಂಠಗಳಿಗೆ ಎಡೆಗೊಡುತ್ತದೆ. ಆ ಎಡೆಗೊಡುವಿಕೆಯನ್ನು ಕೇಳಲೆಂದೇ ಮುಳ್ಳನ್ನು ಎತ್ತಿ ಹಿಂದಿಟ್ಟದ್ದುಂಟು.

ಇದನ್ನು ಎರವಲು ಕೇಳಿದವರಿಗೆ ನಾವು ಬಹುಕಾಲ ಇಲ್ಲವೆಂದೆವು. ಗೀರು ಬಿದ್ದೀತೆಂಬ ಭಯ. ಲೀಮಾದ ಮಠದಲ್ಲಿ ಬಡವರಿಗೆ ಅನ್ನ ಹಂಚುತ್ತಿದ್ದ ಸಂತರ ಸ್ತುತಿಯನ್ನು ಬೀಗ ಹಾಕಿಡುವುದೆಂತು? ಕಳೆದ ತಿಂಗಳು ಕೊಟ್ಟೆವು. ಇನ್ನೂ ಹಿಂದಿರುಗಿಲ್ಲ.