ಓದುಗ ಕೇಳಿದ ಪುಸ್ತಕ

ವಿರಾಜಪೇಟೆಯಿಂದ ಕೇರಳದ ಇರಿಟ್ಟಿ ಕಡೆಗೆ ಇಳಿಯುವ ಘಾಟಿ ರಸ್ತೆಯಲ್ಲಿ, ಗಡಿಗೆ ಅಂಟಿಕೊಂಡಂತೆ ಇದೆ ಮಾಕುಟ್ಟ. ದಟ್ಟ ಕಾಡು, ಒಂದು ಚೆಕ್‌ಪೋಸ್ಟ್, ಮಳೆಗಾಲದಲ್ಲಿ ಕುಸಿಯುವ ಗುಡ್ಡ. ವೈದ್ಯಕೀಯ ಗ್ರಂಥಾಲಯಗಳ ಪುಸ್ತಕ ಖರೀದಿಗೂ ಈ ಊರಿಗೂ ಏನು ನಂಟು ಎನ್ನಬಹುದು. ನಂಟು ಹಾವಿನದು.

ನಮ್ಮ ದೇಶದಲ್ಲಿ ಸಿಗುವ ವಿಷನಿರೋಧಕ ಮದ್ದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕರ ವಿಷಕ್ಕಾಗಿ ತಯಾರಾದದ್ದು. ಪಶ್ಚಿಮಘಟ್ಟದ ತರಗೆಲೆಯಲ್ಲಿ ಅಡಗಿರುವ ಹಂಪ್‌ನೋಸ್ಡ್ ಪಿಟ್ ವೈಪರ್ ಎಂಬ ಗುಳಿಮಂಡಲಕ್ಕೆ ಅದು ನಾಟುವುದಿಲ್ಲ. ಕಾಫಿ ತೋಟದ ಕಾರ್ಮಿಕನ ಊದಿದ ಕಾಲು ನೋಡುವ ಡಾಕ್ಟರಿಗೆ ಈ ವಿಷಯ ವಿವರವಾಗಿರುವ ಪುಸ್ತಕ ಬೇಕು. ದೂರದ ನಗರದಲ್ಲಿ ಕುಳಿತು ಪಟ್ಟಿ ಮಾಡುವವರಿಗೆ ಅದು ಹೊಳೆಯುವುದೇ ಅಪರೂಪ.

ಹಾಗಾದರೆ ಕೊಳ್ಳಬೇಕಾದ ಪುಸ್ತಕ ಯಾವುದೆಂದು ಹೇಳಬೇಕಾದವರು ಯಾರು? ಓದುವವರೇ ಹೇಳಲಿ ಎನ್ನುತ್ತದೆ ಓದುಗರ ಬೇಡಿಕೆಯ ಖರೀದಿ. ಇ-ಪುಸ್ತಕಗಳಲ್ಲಿ ಇದರ ಕೆಲಸ ಬಲು ಸರಳ. ಇನ್ನೂ ಕೊಳ್ಳದ ಸಾವಿರಾರು ಶೀರ್ಷಿಕೆಗಳನ್ನು ಗ್ರಂಥಾಲಯ ತನ್ನ ಕ್ಯಾಟಲಾಗ್‌ನಲ್ಲಿ ತೋರಿಸುತ್ತದೆ. ವಿದ್ಯಾರ್ಥಿ ಒಂದನ್ನು ತೆರೆದು, ನಿಗದಿ ಮಾಡಿದ ಮಿತಿಗಿಂತ ಹೆಚ್ಚು ಓದಿದರೆ ಖರೀದಿ ತಾನಾಗಿ ಆಗುತ್ತದೆ. ಯಾರೂ ಮುಟ್ಟದ ಪುಸ್ತಕಕ್ಕೆ ಕಾಸಿಲ್ಲ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯ 2000ದಲ್ಲಿ, ಬೇರೆ ಗ್ರಂಥಾಲಯಗಳಿಂದ ಎರವಲು ತರಿಸಿಕೊಡಿ ಎಂದು ಓದುಗರು ಕೇಳಿದ ಮುದ್ರಿತ ಪುಸ್ತಕಗಳನ್ನೇ ಕೊಳ್ಳಲು ಶುರುಮಾಡಿತ್ತು.

ಈ ಯೋಚನೆಗೆ ಕಾರಣವಿತ್ತು. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ 1979ರ ಅಧ್ಯಯನದ ಪ್ರಕಾರ, 1969ರಲ್ಲಿ ಅಲ್ಲಿಗೆ ತಂದ ಪುಸ್ತಕಗಳಲ್ಲಿ ಸುಮಾರು ಶೇ 40ರಷ್ಟು ಮೊದಲ ಆರು ವರ್ಷ ಒಮ್ಮೆಯೂ ಹೊರಹೋಗಿರಲಿಲ್ಲ. ಕಾದಂಬರಿಯಾದರೆ ಕಾಯಬಹುದು. ಔಷಧದ ಪ್ರಮಾಣ ಬದಲಾದ ಮೇಲೆ ಹಳೆಯ ಆವೃತ್ತಿಯ ಫಾರ್ಮಕಾಲಜಿ ಕಪಾಟಿನಲ್ಲಿ ಇರುವುದೇ ಅಪಾಯ. ಆರೋಗ್ಯ ವಿಜ್ಞಾನದ ಪುಸ್ತಕಗಳು ದುಬಾರಿ, ಆಯುಷ್ಯವೂ ಕಡಿಮೆ.

ಪುಸ್ತಕಗಳಿರುವುದು ಬಳಕೆಗೆ ಎಂದು ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ 1931ರಲ್ಲೇ ಹೇಳಿದ್ದರು. ಆಮೇಲೆ ಬೆಂಗಳೂರಿನಲ್ಲಿ ನೆಲೆಸಿ 1962ರಲ್ಲಿ ದಾಖಲೀಕರಣ ತರಬೇತಿ ಕೇಂದ್ರವನ್ನೂ ಕಟ್ಟಿದರು. ನಮ್ಮ ಕಾಲೇಜುಗಳಲ್ಲಿ ಬೇಡಿಕೆಯ ಖರೀದಿಯ ಹಳೆಯ ರೂಪ ಈಗಲೂ ಇದೆ: ವ್ಯಾಪಾರಿ ತಂದಿಟ್ಟ ಪುಸ್ತಕಗಳನ್ನು ಪ್ರಾಧ್ಯಾಪಕರು ತಿರುವಿಹಾಕಿ ಇಂಡೆಂಟಿಗೆ ಸಹಿ ಹಾಕುತ್ತಾರೆ, ಗ್ರಂಥಾಲಯ ಸಮಿತಿ ಒಪ್ಪುತ್ತದೆ, ಕೊಟೇಷನ್ ಬರುತ್ತದೆ, ಕೊನೆಗೆ ಆಕ್ಸೆಷನ್ ರಿಜಿಸ್ಟರಿನ ಸಂಖ್ಯೆ ಬೀಳುತ್ತದೆ. ಅಷ್ಟರಲ್ಲಿ ಪರೀಕ್ಷೆಯೂ ಮುಗಿದಿರುತ್ತದೆ! ಕೇಳುವವರು ಪ್ರಾಧ್ಯಾಪಕರು, ರಾತ್ರಿ ಪಾಳಿಯ ಹೌಸ್‌ಸರ್ಜನ್ ಅಥವಾ ನರ್ಸಿಂಗ್ ವಿದ್ಯಾರ್ಥಿನಿಯ ಮಾತು ಇಂಡೆಂಟಿನ ತನಕ ಹೋಗುವುದಿಲ್ಲ. ನನ್ನ ತಕರಾರು ಇರುವುದು ಇಲ್ಲಿಯೇ.

ಕೊಡಗಿನಲ್ಲಿ ಇಂಥ ಓದುಗರಿಗೆ ಕೊರತೆಯಿಲ್ಲ. ವಿರಾಜಪೇಟೆಯ ಕೂರ್ಗ್ ದಂತ ವೈದ್ಯಕೀಯ ಕಾಲೇಜು 1999ರದು, ಮಡಿಕೇರಿಯ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆ 2016ರದು. ಎರಡೂ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದವು. ಆ ವಿಶ್ವವಿದ್ಯಾಲಯ 2003ರಲ್ಲಿ ಶುರುಮಾಡಿದ ಹೆಲಿನೆಟ್ ಕೂಟ ಕಾಲೇಜುಗಳ ಹಣ ಒಟ್ಟುಗೂಡಿಸಿ ಜರ್ನಲ್‌ಗಳನ್ನು ತರಿಸುತ್ತದೆ. ಒಂದೊಂದೇ ಕಾಲೇಜಿಗೆ ನಿಲುಕದ ಬೆಲೆ, ಒಟ್ಟಾದರೆ ನಿಲುಕುತ್ತದೆ. ಆದರೆ ಎಲ್ಲರಿಗೂ ಒಂದೇ ಜರ್ನಲ್ ಕಟ್ಟು ಹಂಚಿದಾಗ ಮಲೆನಾಡಿನ ಬೇಡಿಕೆ ಸಣ್ಣದಾಗಿ ಕಾಣುತ್ತದೆ. ಆ ಕೊರತೆಯನ್ನು ತುಂಬಬೇಕಾದ್ದು ಕಾಲೇಜಿನ ಸ್ವಂತ ಖರೀದಿ.

ಓದುಗನ ಕೈಗೇ ಕೀಲಿ ಕೊಟ್ಟರೆ ಪ್ರವೇಶ ಪರೀಕ್ಷೆಯ ಪ್ರಶ್ನೆಬ್ಯಾಂಕುಗಳೇ ಕಪಾಟು ತುಂಬುತ್ತವೆ ಎಂಬ ಗ್ರಂಥಪಾಲಕರ ಗೊಣಗಾಟ ಸುಳ್ಳಲ್ಲ. ಹಣದ ಮಿತಿ, ವಿಷಯದ ಮಿತಿ ಮೊದಲೇ ಹಾಕಬೇಕು. ಅಪರೂಪದ, ಯಾರೂ ಕೇಳದ, ಆದರೂ ಇರಲೇಬೇಕಾದ ಪುಸ್ತಕವನ್ನು ಆರಿಸುವ ಹಕ್ಕು ಗ್ರಂಥಪಾಲಕರದ್ದೇ ಆಗಿರಲಿ.

ನಿಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಸಲಹಾ ಪುಸ್ತಕವೊಂದು ಮೂಲೆಯಲ್ಲಿ ಇದ್ದೀತು. ಅದರಲ್ಲಿ ಬೇಕಾದ ಪುಸ್ತಕದ ಹೆಸರು, ಆವೃತ್ತಿ, ಯಾಕೆ ಬೇಕು ಎಂಬುದನ್ನು ಬರೆಯಿರಿ. ಮುಂದಿನ ಸಮಿತಿ ಸಭೆಗೆ ಮುಂಚೆ ಗ್ರಂಥಪಾಲಕರಿಗೆ ಇನ್ನೊಮ್ಮೆ ನೆನಪಿಸಿ.